ತಾವೋ: ಪುಸ್ತಕ ಇಟ್ಟುಕೊಂಡು ಧರ್ಮ ಬಿಸಾಡುವ ಮುನ್ನ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಚೀನಾದ ತಾವೋ ಪರಂಪರೆಯ ಬಗ್ಗೆ ಬಂದ ಲೇಖನ ಓದಿದೆ. ಈ ವಿಷಯಕ್ಕೆ ಕನ್ನಡ ಪತ್ರಿಕೆಯೊಂದು ಅರ್ಧ ಪುಟ ಕೊಟ್ಟಿದ್ದು ಸಂತೋಷದ ಸಂಗತಿ. ಆದರೆ ಲೇಖನ ಹೇಳಿದ್ದು ಹಳೆಯ ಕಥೆಯನ್ನೇ. ಲಾವೋತ್ಸು ಎಂಬ ಜ್ಞಾನಿ ಎತ್ತರದ ತತ್ತ್ವವೊಂದನ್ನು ಕೊಟ್ಟ, ಆಮೇಲೆ ಬಂದ ಪುರೋಹಿತರು ಅದಕ್ಕೆ ದೇವರು, ತಾಯತ, ಸಾಯದಿರುವ ಮದ್ದು ಸೇರಿಸಿ ಹಾಳು ಮಾಡಿದರು ಎಂಬ ಕಥೆ. ಇದು ಓದಲು ಸಲೀಸು. ಆದರೆ ನೆಲದಡಿಯಿಂದ ಸಿಕ್ಕ ಹಸ್ತಪ್ರತಿಗಳೂ ಚೀನೀಯರದೇ ಇತಿಹಾಸ ಗ್ರಂಥಗಳೂ ಇದಕ್ಕೆ ಒಪ್ಪುವುದಿಲ್ಲ. ಪತ್ರ ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ತಾಳ್ಮೆಯಿರಲಿ.

ಮೊದಲು ಹೆಸರಿನ ಮಾತು. ಟಾವೋ, ಡಾವೋ, ದಾವೋ, ಟಾವೋಯಿಸಂ ಎಂದು ಕನ್ನಡದಲ್ಲಿ ನಾಲ್ಕು ಬಗೆಯ ಬರವಣಿಗೆ ಓಡಾಡುತ್ತಿದೆ. ರೋಮನ್ ಲಿಪಿಯ ಹಳೆಯ ಪದ್ಧತಿ ಇದನ್ನು ‘ಟಿ’ಯಿಂದ ಬರೆಯುತ್ತಿತ್ತು, ಈಗಿನದು ‘ಡಿ’ಯಿಂದ ಬರೆಯುತ್ತದೆ. ಮೂಲದ ಧ್ವನಿಗೆ ಘೋಷವೂ ಇಲ್ಲ, ಮಹಾಪ್ರಾಣವೂ ಇಲ್ಲ. ಇಂಗ್ಲಿಷರಿಗೆ ಅದನ್ನು ಹಿಡಿಯುವ ಅಕ್ಷರ ಇಲ್ಲದ್ದರಿಂದ ಆ ಪೇಚಾಟ. ನಮಗೇಕೆ? ಅದು ನಮ್ಮ ತ-ಕಾರವೇ. ಥ ಅಲ್ಲ, ದ ಅಲ್ಲ, ಟ ಅಂತೂ ಅಲ್ಲವೇ ಅಲ್ಲ. ‘ತಾವೋ’ ಎಂದು ಬರೆದರೆ ಇಂಗ್ಲಿಷಿಗಿಂತ ನಾವೇ ಚೀನೀ ಉಚ್ಚಾರಕ್ಕೆ ಹತ್ತಿರ ಇರುತ್ತೇವೆ. ಲಾವೋತ್ಸು ಬರೆದನೆನ್ನುವ ಗ್ರಂಥದ ಹೆಸರು ಇದೇ ಲೆಕ್ಕದಲ್ಲಿ ‘ತಾವೋ ತೆ ಚಿಂಗ್’. ಈ ಪತ್ರದಲ್ಲಿ ವ್ಯಕ್ತಿಗಳ ಹೆಸರನ್ನು ಹೀಗೆಯೇ ಬರೆದಿದ್ದೇನೆ, ಊರುಗಳದ್ದನ್ನು ಮಾತ್ರ ನಕ್ಷೆಯಲ್ಲಿ ಹುಡುಕಲು ಅನುಕೂಲವಾಗಲೆಂದು ರೂಢಿಯಲ್ಲಿರುವಂತೆ ಬಿಟ್ಟಿದ್ದೇನೆ.

ತಾವೋ ಎಂಬ ಚೀನೀ ಅಕ್ಷರದಲ್ಲಿ ಎರಡು ಭಾಗಗಳಿವೆ. ಒಂದು ತಲೆ, ಇನ್ನೊಂದು ನಡಿಗೆ. ಸೀದಾ ಅರ್ಥ ದಾರಿ. ಅದೇ ಅಕ್ಷರಕ್ಕೆ ‘ಹೇಳು’ ಎಂಬ ಅರ್ಥವೂ ಇದೆ. ಗ್ರಂಥದ ಮೊದಲ ಸಾಲಿನ ಆರು ಅಕ್ಷರಗಳಲ್ಲಿ ಮೂರು ಈ ತಾವೋ ಅಕ್ಷರವೇ ಆಗಿರುವುದು ಅದಕ್ಕೇ: ಹೇಳಲು ಬರುವ ದಾರಿ ಸದಾಕಾಲದ ದಾರಿ ಅಲ್ಲ. ‘ನುಡಿಯಬಹುದಾದ ನಡೆ ನಿತ್ಯದ ನಡೆಯಲ್ಲ’ ಎಂದರೂ ಆದೀತು. ನಡೆ–ನುಡಿಯ ಜೋಡಿ ನಮ್ಮ ಭಾಷೆಯಲ್ಲಿ ಸಿದ್ಧವಾಗಿಯೇ ಇದೆ.

ಈ ಪದವನ್ನು ನಮ್ಮ ಭಾಷೆಗಳಿಗೆ ತರುವ ಜಗಳ ಹೊಸದಲ್ಲ. ಕಾಮರೂಪದ (ಈಗಿನ ಅಸ್ಸಾಂ ಕಡೆಯ) ರಾಜ ಭಾಸ್ಕರವರ್ಮ ಲಾವೋತ್ಸು ಗ್ರಂಥವನ್ನು ಸಂಸ್ಕೃತದಲ್ಲಿ ಕೇಳಿದನೆಂದು ಚೀನಾದ ಥಾಂಗ್ ವಂಶದ ಚಕ್ರವರ್ತಿ 647ರಲ್ಲಿ ಅನುವಾದದ ಕೆಲಸವನ್ನು ಹ್ಯೂಯೆನ್ ತ್ಸಾಂಗನಿಗೆ ವಹಿಸಿದ. ಭಾರತದಿಂದ ಮರಳಿದ್ದ ಅದೇ ಬೌದ್ಧ ಯಾತ್ರಿಕ. ಜೊತೆಗೆ ಕೂತಿದ್ದ ತಾವೋ ಪಂಡಿತರು ತಾವೋ ಎಂಬುದನ್ನು ‘ಬೋಧಿ’ ಎಂದು ಅನುವಾದಿಸಬೇಕೆಂದರು. ಹ್ಯೂಯೆನ್ ತ್ಸಾಂಗ್ ಒಪ್ಪಲಿಲ್ಲ. ಬೋಧಿ ಎಂದರೆ ಅರಿವು, ತಾವೋ ಎಂದರೆ ದಾರಿ, ಆದ್ದರಿಂದ ‘ಮಾರ್ಗ’ ಎಂದೇ ಇರಬೇಕು ಎಂದು ಪಟ್ಟು ಹಿಡಿದ. ಪದದ ಮಟ್ಟಿಗೆ ಅವನದೇ ಸರಿ. ಆದರೆ ಆ ಜಗಳಕ್ಕೆ ಇನ್ನೊಂದು ಕೊನೆಯಿದೆ, ಅಲ್ಲಿಗೆ ಆಮೇಲೆ ಬರುತ್ತೇನೆ.

ನಮ್ಮ ಬರಹಗಳಲ್ಲಿ ಹೆಚ್ಚು ಎಡವುವುದು ಮೂರು ಮಾತುಗಳಲ್ಲಿ. ಮೊದಲನೆಯದು ‘ತೆ’. ಸದ್ಗುಣ, ಸದಾಚಾರ ಎಂದು ಬರೆಯುತ್ತಾರೆ. ಆಗ ಅದು ನೀತಿಪಾಠದ ಹಾಗೆ ಕೇಳುತ್ತದೆ. ‘ತೆ’ ಎಂದರೆ ತಾವೋ ಒಂದೊಂದು ವಸ್ತುವಿನಲ್ಲಿ ನೆಲೆಸಿ ಅದಕ್ಕೆ ಕೊಡುವ ಕಸುವು. ಕನ್ನಡದಲ್ಲಿ ‘ಗುಣ’ ಎಂದರೆ ಸಾಕು. ಮನುಷ್ಯನ ಗುಣ ಎಂದೂ ಹೇಳುತ್ತೇವೆ, ಮದ್ದಿನ ಗುಣ ಎಂದೂ ಹೇಳುತ್ತೇವೆ. ಆ ಎರಡನೆಯ ಅರ್ಥ ‘ತೆ’ಗೆ ಚೆನ್ನಾಗಿ ಹೊಂದುತ್ತದೆ.

ಎರಡನೆಯದು ‘ತ್ಸುರಾನ್’. ಪ್ರಕೃತಿ ಎಂದು ಅನುವಾದಿಸುವುದೇ ರೂಢಿ. 25ನೇ ಅಧ್ಯಾಯ ಮನುಷ್ಯ ನೆಲವನ್ನು ಅನುಸರಿಸುತ್ತಾನೆ, ನೆಲ ಆಕಾಶವನ್ನು, ಆಕಾಶ ತಾವೋವನ್ನು ಎಂದು ಮೆಟ್ಟಿಲು ಹತ್ತಿಸಿ, ಕೊನೆಗೆ ತಾವೋ ತ್ಸುರಾನ್ ಅನ್ನು ಅನುಸರಿಸುತ್ತದೆ ಎನ್ನುತ್ತದೆ. ಇಲ್ಲಿ ಪ್ರಕೃತಿ ಎಂದು ಹಾಕಿದರೆ ತಾವೋಗಿಂತ ದೊಡ್ಡದೊಂದು ಮೇಲೆ ಕೂತಂತಾಗುತ್ತದೆ, ಗ್ರಂಥವೇ ತಲೆಕೆಳಗಾಗುತ್ತದೆ. ತ್ಸುರಾನ್ ಎಂಬುದರ ಅಕ್ಷರಶಃ ಅರ್ಥ ‘ತಾನೇ ಹಾಗೆ’. ಅಂದರೆ ತಂತಾನೇ. ತಾವೋ ಯಾವುದನ್ನೂ ಅನುಸರಿಸುವುದಿಲ್ಲ, ಅದು ತಂತಾನೇ ಇದೆ. ಕನ್ನಡದ ಈ ಒಂದು ಪದ ಎಷ್ಟೋ ಪುಟಗಳ ವ್ಯಾಖ್ಯಾನ ಉಳಿಸುತ್ತದೆ.

ಮೂರನೆಯದು ‘ವೂವೆಯ್’. ನಿಷ್ಕ್ರಿಯತೆ ಎನ್ನುವವರಿದ್ದಾರೆ, ನಿಷ್ಕಾಮ ಕರ್ಮ ಎನ್ನುವವರೂ ಇದ್ದಾರೆ. ಎರಡೂ ಅಲ್ಲ. ನಿಷ್ಕಾಮ ಕರ್ಮದಲ್ಲಿ ಕರ್ತವ್ಯವಿದೆ, ಫಲದ ತ್ಯಾಗವಿದೆ. ವೂವೆಯ್‌ನಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ. ಬಲವಂತ ಮಾಡದೆ, ವಸ್ತುವಿನ ಹದ ನೋಡಿ ಕೆಲಸ ಮಾಡುವುದಷ್ಟೇ. ಇದಕ್ಕೆ ಈ ಪರಂಪರೆಯ ಇನ್ನೊಬ್ಬ ಚಿಂತಕ ಚುವಾಂಗ್‌ತ್ಸುವಿನ ಹೆಸರಿನ ಗ್ರಂಥದ 3ನೇ ಅಧ್ಯಾಯದ ಅಡುಗೆಯವ ತಿಂಗ್‌ನ ಕೈ ನೋಡಬೇಕು. ಎತ್ತು ಕಡಿಯುವುದು ಅವನ ಕಸುಬು. ಸಾಮಾನ್ಯ ಅಡುಗೆಯವ ತಿಂಗಳಿಗೊಂದು ಕತ್ತಿ ಬದಲಿಸುತ್ತಾನೆ, ಅವನು ಎಲುಬಿಗೆ ಹೊಡೆಯುತ್ತಾನೆ. ಒಳ್ಳೆಯವನು ವರ್ಷಕ್ಕೊಂದು ಬದಲಿಸುತ್ತಾನೆ, ಅವನು ಕೊಯ್ಯುತ್ತಾನೆ. ತಿಂಗ್‌ನ ಕತ್ತಿಗೆ 19 ವರ್ಷ. ಸಾವಿರಾರು ಎತ್ತು ಕಂಡರೂ ಅಲಗು ಈಗಷ್ಟೇ ಸಾಣೆಯಿಂದ ಬಂದಂತಿದೆ. ಕಾರಣವನ್ನು ಅವನೇ ಹೇಳುತ್ತಾನೆ: ಕೀಲುಗಳ ನಡುವೆ ಸಂದು ಇದೆ, ಅಲಗಿಗೆ ದಪ್ಪ ಇಲ್ಲ. ದಪ್ಪ ಇಲ್ಲದ್ದು ಸಂದಿನೊಳಗೆ ಹೋದರೆ ಓಡಾಡಲು ಬೇಕಾದಷ್ಟು ಜಾಗ. ಲೇಖನಗಳಲ್ಲಿ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನ ಮಾತು ಮುಖ್ಯ. ನರ ಗಂಟುಕಟ್ಟಿದ ಕಡೆ ಬಂದಾಗ ಅವನು ಎಚ್ಚರವಾಗುತ್ತಾನೆ, ಕಣ್ಣು ನೆಡುತ್ತಾನೆ, ಕೈ ನಿಧಾನ ಮಾಡುತ್ತಾನೆ, ಕತ್ತಿಯನ್ನು ಕೂದಲೆಳೆಯಷ್ಟು ಆಡಿಸುತ್ತಾನೆ. ಮಣ್ಣಹೆಂಟೆ ನೆಲಕ್ಕೆ ಬಿದ್ದಂತೆ ಮಾಂಸ ಬೇರೆಯಾಗುತ್ತದೆ. ಇದನ್ನು ಸುಮ್ಮನಿರುವುದು ಎಂದು ಕರೆಯಲಾದೀತೇ? ಕತ್ತಿ ಹಿಡಿದ ಮೊದಲ ಮೂರು ವರ್ಷ ಅವನಿಗೆ ಕಂಡದ್ದು ಇಡೀ ಎತ್ತು ಮಾತ್ರ ಎಂಬುದನ್ನೂ ಮರೆಯಬಾರದು.

ಇನ್ನು ಲಾವೋತ್ಸು ಯಾರು? ಮೊದಲ ಜೀವನಚರಿತ್ರೆ ಹಾನ್ ವಂಶದ ಕಾಲದ ಇತಿಹಾಸಕಾರ ಸೀಮಾ ಛಿಯೆನ್‌ನ ಇತಿಹಾಸ ಗ್ರಂಥದಲ್ಲಿದೆ, ಕ್ರಿ.ಪೂ. 1ನೇ ಶತಮಾನದ ಆರಂಭದ್ದು. ಛೂ ರಾಜ್ಯದವನು, ಮನೆತನ ಲಿ, ಹೆಸರು ಅರ್, ಚೌ ರಾಜರ ದಾಖಲೆ ಭಂಡಾರ ನೋಡಿಕೊಳ್ಳುತ್ತಿದ್ದವನು, ಕನ್‌ಫ್ಯೂಷಿಯಸ್ ಅವನನ್ನು ಕಂಡಿದ್ದ, ಕೊನೆಗೆ ಗಡಿ ದಾಟುವಾಗ ಅಲ್ಲಿನ ಕಾವಲಿನ ಅಧಿಕಾರಿ ಕೇಳಿದ್ದಕ್ಕೆ ಐದು ಸಾವಿರ ಚಿಲ್ಲರೆ ಅಕ್ಷರಗಳ ಎರಡು ಭಾಗ ಬರೆದುಕೊಟ್ಟು ಹೋದ. ನಮ್ಮ ಲೇಖನಗಳು ಇದನ್ನು ನೇರ ಎತ್ತಿಕೊಳ್ಳುತ್ತವೆ. ಆದರೆ ಸೀಮಾ ಛಿಯೆನ್ ಪ್ರಾಮಾಣಿಕ. ಅದೇ ಅಧ್ಯಾಯದಲ್ಲಿ ಲಾವೋತ್ಸು ಇವನಿರಬಹುದೇ, ಅವನಿರಬಹುದೇ ಎಂದು ಇನ್ನಿಬ್ಬರ ಹೆಸರನ್ನೂ ಇಡುತ್ತಾನೆ, 160 ವರ್ಷ ಬದುಕಿದನೆಂದು ಕೆಲವರು, 200ಕ್ಕೂ ಮಿಕ್ಕಿ ಎಂದು ಕೆಲವರು ಹೇಳುತ್ತಾರೆ ಎಂದೂ ಬರೆಯುತ್ತಾನೆ. ಲಾವೋತ್ಸು ಎಂಬುದಕ್ಕೆ ‘ಹಿರಿಯ ಗುರು’ ಎಂದಷ್ಟೇ ಅರ್ಥ. ಗ್ರಂಥ ಒಬ್ಬನ ಲೇಖನಿಯಿಂದ ಒಂದೇ ಸಲ ಬಂದದ್ದಲ್ಲ ಎಂದು ಇಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ.

ಅದಕ್ಕೆ ಮಣ್ಣಿನಡಿಯ ಸಾಕ್ಷಿಯಿದೆ. 1993ರಲ್ಲಿ ಹುಬೇ ಪ್ರಾಂತ್ಯದ ಗುವೋದಿಯನ್‌ನಲ್ಲಿ ಸುಮಾರು ಕ್ರಿ.ಪೂ. 300ರ ಸಮಾಧಿಯೊಂದರಿಂದ ಬಿದಿರು ಪಟ್ಟಿಗಳು ಬಂದವು. ಅವುಗಳಲ್ಲಿ ಲಾವೋತ್ಸು ಪಾಠವಿರುವ ಪಟ್ಟಿಗಳು 71, ಮೂರು ಕಟ್ಟುಗಳಲ್ಲಿ. ಈಗಿನ ಗ್ರಂಥದ ಸುಮಾರು ಐದರಲ್ಲಿ ಎರಡು ಪಾಲು ಮಾತ್ರ, ಕ್ರಮವೂ ಬೇರೆ. ನಾವು ಓದುವ 19ನೇ ಅಧ್ಯಾಯ ಕನ್‌ಫ್ಯೂಷಿಯಸ್ ಪಂಥದವರ ಮೆಚ್ಚಿನ ಕರುಣೆ, ನ್ಯಾಯಗಳನ್ನೇ ಬಿಸಾಡು ಎನ್ನುತ್ತದೆ. ಬಿದಿರು ಪ್ರತಿಯಲ್ಲಿ ಆ ಮಾತಿಲ್ಲ. ಅಲ್ಲಿ ಬಿಡಬೇಕಾದ್ದು ಜಾಣತನ, ವಾದ, ಲಾಭದಂಥವು. ಅಂದರೆ ಲಾವೋತ್ಸು–ಕನ್‌ಫ್ಯೂಷಿಯಸ್ ಹಗೆ ಎಂದು ನಾವು ಓದುವುದು ಪಾಠ ಬೆಳೆಯುತ್ತಾ ಮೊನಚಾದದ್ದು.

ಅದಕ್ಕೂ ಮೊದಲು, 1973ರಲ್ಲಿ, ಹುನಾನ್ ಪ್ರಾಂತ್ಯದ ಮಾವಾಂಗ್‌ದುಯಿಯಲ್ಲಿ ಕ್ರಿ.ಪೂ. 168ರಲ್ಲಿ ಮುಚ್ಚಿದ ಸಮಾಧಿಯಿಂದ ರೇಷ್ಮೆಯ ಮೇಲೆ ಬರೆದ ಎರಡು ಪ್ರತಿಗಳು ಸಿಕ್ಕವು. ಅವುಗಳಲ್ಲಿ ‘ತೆ’ ಭಾಗ ಮೊದಲು, ‘ತಾವೋ’ ಭಾಗ ಆಮೇಲೆ. ಈಗ ಅಚ್ಚಾಗುವ ಗ್ರಂಥದಲ್ಲಿ 1ರಿಂದ 37 ತಾವೋ, 38ರಿಂದ 81 ತೆ.

ಆ ಸಮಾಧಿಯಲ್ಲಿ ಇನ್ನೊಂದು ರೇಷ್ಮೆ ಹಾಳೆಯೂ ಇತ್ತು. ಅದರ ಮೇಲೆ ಬಣ್ಣದಲ್ಲಿ 44 ಮನುಷ್ಯರ ಚಿತ್ರ. ಹೆಂಗಸರು, ಗಂಡಸರು, ಮುದುಕರು, ಎಳೆಯರು. ಕೆಲವರು ಬಟ್ಟೆ ತೊಟ್ಟಿದ್ದಾರೆ, ಕೆಲವರದು ಬರಿಮೈ. ಒಬ್ಬ ಬಗ್ಗಿದ್ದಾನೆ, ಒಬ್ಬ ತೋಳು ಚಾಚಿದ್ದಾನೆ, ಒಬ್ಬನ ಕೈಯಲ್ಲಿ ಕೋಲಿದೆ. ಮೈ ಹಿಗ್ಗಿಸಿ ಉಸಿರು ನಡೆಸುವ ವ್ಯಾಯಾಮದ ಪಟ ಅದು. ಧಾನ್ಯ ಬಿಟ್ಟು ‘ಛಿ’ ಎಂಬ ಪ್ರಾಣವಾಯುವನ್ನು ಉಣ್ಣುವ ಬಗೆಯ ಬರಹವೂ ಅಲ್ಲೇ ಸಿಕ್ಕಿತು. ಲಾವೋತ್ಸು ಗ್ರಂಥದ ಪಕ್ಕದಲ್ಲಿ ದೇಹಸಾಧನೆಯ ಪಟ ಇಟ್ಟು ಹೂಳಿದವರಿಗೆ ಇವು ಒಟ್ಟಿಗೆ ಇರಬಾರದ ವಸ್ತುಗಳೆಂದು ತೋರಲಿಲ್ಲ. ‘ತತ್ತ್ವ ಶುದ್ಧವಾಗಿತ್ತು, ಸಾಧನೆ ಆಮೇಲೆ ಅಂಟಿತು’ ಎನ್ನುವವರು ಈ ಸಮಾಧಿಯನ್ನು ಏನು ಮಾಡುತ್ತಾರೆ? ಗ್ರಂಥದ 10ನೇ ಅಧ್ಯಾಯವೇ ಛಿಯನ್ನು ಒಟ್ಟುಮಾಡಿ ಮಗುವಿನಂತೆ ಮೆತ್ತಗಾಗಬಲ್ಲೆಯಾ ಎಂದು ಕೇಳುತ್ತದೆ. ಚುವಾಂಗ್‌ತ್ಸುವಿನಲ್ಲಿ ಮನಸ್ಸಿನ ಉಪವಾಸ, ಕೂತು ಮರೆಯುವುದು ಎಂಬ ಸಾಧನೆಗಳಿವೆ. ಮೈ ಹಿಗ್ಗಿಸಿ ದೀರ್ಘಾಯುಸ್ಸು ಬಯಸುವವರನ್ನು ಅದೇ ಗ್ರಂಥದ 15ನೇ ಅಧ್ಯಾಯ ಟೀಕಿಸುತ್ತದೆ, ನಿಜ. ಟೀಕಿಸಿದ್ದು ಅವರು ಪಕ್ಕದಲ್ಲೇ ಇದ್ದುದರಿಂದ.

ಇನ್ನೊಂದು ಮಾತು. ಲಾವೋತ್ಸುವಾಗಲಿ ಚುವಾಂಗ್‌ತ್ಸುವಾಗಲಿ ತಮ್ಮನ್ನು ತಾವೋ ಪಂಥದವರೆಂದು ಕರೆದುಕೊಳ್ಳಲಿಲ್ಲ. ಆ ಹೆಸರು ಕಟ್ಟಿದ್ದು ಸೀಮಾ ಛಿಯೆನ್‌ನ ತಂದೆ ಸೀಮಾ ಥಾನ್. ಕ್ರಿ.ಪೂ. 110ರಲ್ಲಿ ತೀರಿಕೊಂಡ ಈತ ಹಿಂದಿನ ಚಿಂತಕರನ್ನು ಆರು ಪಂಥಗಳಾಗಿ ವಿಂಗಡಿಸಿದ. ಚುವಾಂಗ್‌ತ್ಸು ಗ್ರಂಥ ಈಗಿರುವ 33 ಅಧ್ಯಾಯಗಳ ರೂಪಕ್ಕೆ ಬಂದದ್ದಂತೂ ಕ್ರಿ.ಶ. 312ರಲ್ಲಿ ತೀರಿಕೊಂಡ ಕುವೋ ಶಿಯಾಂಗ್‌ನ ಕೈಯಲ್ಲಿ. ಅದಕ್ಕೆ ಮುಂಚೆ 52 ಇದ್ದವು. ಹೀಗೆ, ‘ಶುದ್ಧ ತತ್ತ್ವ’ ಎಂದು ನಾವು ಹಿಡಿಯುವ ಪುಸ್ತಕ ಕೊನೆಯ ರೂಪ ಪಡೆಯುವ ಹೊತ್ತಿಗೆ ಧರ್ಮ ಹುಟ್ಟಿ ನೂರೈವತ್ತು ವರ್ಷ ದಾಟಿತ್ತು.

ಆ ಹುಟ್ಟಿಗೆ ತಾರೀಖಿದೆ. ಕ್ರಿ.ಶ. 142ರಲ್ಲಿ ಸಿಚುವಾನ್‌ನ ಹೆಮಿಂಗ್ ಬೆಟ್ಟದಲ್ಲಿ (ಕ್ರೌಂಚ ಕೂಗುವ ಬೆಟ್ಟ ಎಂದು ಅರ್ಥ) ದೈವವಾಗಿದ್ದ ಲಾವೋತ್ಸು ತನಗೆ ದರ್ಶನ ಕೊಟ್ಟನೆಂದು ಚಾಂಗ್ ತಾವೋಲಿಂಗ್ ಸಾರಿದ. ಸ್ವರ್ಗದ ಗುರುಗಳ ಪಂಥ ಅಲ್ಲಿಂದ ಶುರು. ಇದನ್ನು ಕೆಟ್ಟುಹೋದ ತತ್ತ್ವ ಎನ್ನುವವರು ಆ ಪಂಥದ ಕಟ್ಟುಪಾಡನ್ನು ಒಮ್ಮೆ ಹತ್ತಿರದಿಂದ ನೋಡಬೇಕು.

ಪ್ರದೇಶವನ್ನು 24 ವಲಯಗಳಾಗಿ ಹಂಚಿದ್ದರು. ಮೇಲ್ವಿಚಾರಣೆ ‘ಚಿಚಿಯು’ ಎಂಬ ಹಿರಿಯರದು, ಹೆಂಗಸರೂ ಆ ಹುದ್ದೆಗೆ ಬರಬಹುದಿತ್ತು. ಕಾಣಿಕೆ ಐದು ‘ತೌ’ ಅಕ್ಕಿ, ಆ ಕಾಲದ ಅಳತೆಯಲ್ಲಿ ಸುಮಾರು 10 ಲೀಟರ್. ವಿರೋಧಿಗಳು ಇವರನ್ನು ‘ಅಕ್ಕಿ ಕಳ್ಳರು’ ಎಂದು ಕರೆದದ್ದು ಇದರಿಂದಲೇ. ವರ್ಷಕ್ಕೆ ಮೂರು ಸಭೆ: ಮೊದಲ ತಿಂಗಳ 7, ಏಳನೇ ತಿಂಗಳ 7, ಹತ್ತನೇ ತಿಂಗಳ 5. ಆ ದಿನ ಮನೆಮನೆಯ ಹುಟ್ಟು ಸಾವುಗಳನ್ನು ಪಟ್ಟಿಯಲ್ಲಿ ತಿದ್ದಬೇಕು. ಮಗುವಿಗೆ ಏಳು ವರ್ಷವಾದಾಗ ಅದರ ಕಾವಲಿಗೆ ಒಬ್ಬ ದೈವೀ ದಂಡನಾಯಕನ ಹೆಸರಿರುವ ದೀಕ್ಷಾಪಟ್ಟಿ ಕೊಡುತ್ತಿದ್ದರು. ದೀಕ್ಷೆ ಏರಿದಂತೆ ಹತ್ತು, ಎಪ್ಪತ್ತೈದು, ಕೊನೆಗೆ ನೂರೈವತ್ತು ದಂಡನಾಯಕರು.

ಕಾಯಿಲೆ ಬಿದ್ದವರಿಗೆ ಹೇಳುತ್ತಿದ್ದದ್ದು ಮೊದಲು ತಪ್ಪೊಪ್ಪಿಗೆ. ರೋಗಿಯನ್ನು ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ ಮಾಡಿದ ತಪ್ಪುಗಳನ್ನು ನೆನೆಯಿಸುತ್ತಿದ್ದರು. ಆಮೇಲೆ ಅವನ ಹೆಸರೂ ತಪ್ಪೊಪ್ಪಿಗೆಯೂ ಇರುವ ಅರ್ಜಿ, ಮೂರು ಪ್ರತಿ. ಒಂದನ್ನು ಬೆಟ್ಟದ ಮೇಲಿಡಬೇಕು, ಅದು ಆಕಾಶದ ಅಧಿಕಾರಿಗೆ. ಒಂದನ್ನು ಹೂಳಬೇಕು, ಅದು ನೆಲದ ಅಧಿಕಾರಿಗೆ. ಒಂದನ್ನು ನೀರಿನಲ್ಲಿ ಮುಳುಗಿಸಬೇಕು, ಅದು ನೀರಿನ ಅಧಿಕಾರಿಗೆ. ಹಾನ್ ಸರ್ಕಾರದ ಕಚೇರಿಗೆ ಹೋಗುವ ಅರ್ಜಿಯ ನಮೂನೆಯಲ್ಲೇ ದೇವರಿಗೂ ಅರ್ಜಿ. ಪ್ರಾಣಿ ಕಡಿದು ರಕ್ತ ಕೊಟ್ಟರೆ ದೇವರು ಒಲಿಯುತ್ತಾನೆಂಬ ನಂಬಿಕೆಯನ್ನು ಈ ಪಂಥ ತಿರಸ್ಕರಿಸಿತು. ಬಲಿಯ ಬದಲು ಕಾಗದ ಮತ್ತು ತಪ್ಪೊಪ್ಪಿಗೆ. ಇದನ್ನು ಮೂಢನಂಬಿಕೆಗೆ ಜಾರಿದ್ದು ಎಂದು ಬರೆಯುವುದು ನನ್ನ ಮಟ್ಟಿಗೆ ದೊಡ್ಡ ಅನ್ಯಾಯ. ಆ ಕಾಲದ ಲೆಕ್ಕದಲ್ಲಿ ಇದು ಸುಧಾರಣೆ.

ಚಾಂಗ್ ತಾವೋಲಿಂಗ್‌ನ ಮೊಮ್ಮಗ ಚಾಂಗ್ ಲು ಹಾನ್‌ಝೋಂಗ್ ಪ್ರದೇಶವನ್ನು ಆಳಿ, 215ರಲ್ಲಿ ಸೇನಾಪತಿ ತ್ಸಾವೋ ತ್ಸಾವೋಗೆ ಶರಣಾದ. ಅವನ ಆಡಳಿತದ ವಿವರ ಇತಿಹಾಸಕಾರರು ಬರೆದಿಟ್ಟಿದ್ದಾರೆ. ದಾರಿಬದಿಯಲ್ಲಿ ಧರ್ಮಛತ್ರಗಳು, ಒಳಗೆ ಅಕ್ಕಿ, ಮಾಂಸ. ದಾರಿಹೋಕರು ಹೊಟ್ಟೆಗೆ ಬೇಕಾದಷ್ಟು ತೆಗೆದುಕೊಳ್ಳಬಹುದು, ಹೆಚ್ಚು ತೆಗೆದುಕೊಂಡರೆ ಭೂತ ಕಾಯಿಲೆ ತರುತ್ತದೆಂಬ ಭಯ ಮಾತ್ರ ಕಾವಲು. ತಪ್ಪು ಮಾಡಿದವನಿಗೆ ಮೂರು ಸಲ ಕ್ಷಮೆ, ಶಿಕ್ಷೆ ಆಮೇಲೆ. ಸಣ್ಣ ತಪ್ಪಿಗೆ ನೂರು ಹೆಜ್ಜೆ ದಾರಿ ರಿಪೇರಿ ಮಾಡಿದರೆ ಮಾಫಿ. ಮೂಲ ಚೀನೀ ಬರಹದಲ್ಲಿ ಆ ‘ದಾರಿ’ಗೆ ಬಳಸಿದ ಅಕ್ಷರ ತಾವೋ. ಮತ್ತೆ, ಹಿರಿಯರು ಜನರಿಗೆ ಬಾಯಿಪಾಠ ಮಾಡಿಸುತ್ತಿದ್ದದ್ದು ಯಾವ ಗ್ರಂಥವನ್ನು? ಲಾವೋತ್ಸುವಿನ ಐದು ಸಾವಿರ ಅಕ್ಷರಗಳನ್ನೇ. ಅಂದರೆ ತತ್ತ್ವಗ್ರಂಥವನ್ನು ಹಳ್ಳಿಯವರ ಬಾಯಿಗೆ ತಂದದ್ದು ಈ ಧರ್ಮ. ಅವರು ಓದುತ್ತಿದ್ದ ವ್ಯಾಖ್ಯಾನದ ಒಂದು ಭಾಗ ವಾಯವ್ಯ ಚೀನಾದ ಡುನ್‌ಹುವಾಂಗ್ ಗುಹೆಗಳಲ್ಲಿ ಸಿಕ್ಕಿದೆ.

ಹಾಗೆಂದು ಈ ಪರಂಪರೆಯಲ್ಲಿ ಅನಾಹುತ ಆಗಿಲ್ಲವೆಂದು ಹೇಳಲಾರೆ. ದೊಡ್ಡ ಅನಾಹುತ ರಸವಿದ್ಯೆಯದು, ಅದನ್ನು ಮುಚ್ಚಿಡಬಾರದು. ಇಂಗಳಿಕ ಎಂದರೆ ಪಾದರಸ ಮತ್ತು ಗಂಧಕ ಕೂಡಿದ ಕೆಂಪು ಖನಿಜ. ಕಾಯಿಸಿದರೆ ಗಂಧಕ ಹೋಗಿ ಬೆಳ್ಳಗೆ ಹೊಳೆಯುವ ಪಾದರಸ ಇಳಿಯುತ್ತದೆ. ಆ ಪಾದರಸವನ್ನು ಮತ್ತೆ ಗಂಧಕದ ಜೊತೆ ಅರೆದರೆ ಕಪ್ಪು ಪುಡಿ, ಅದನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಆವಿ ಹಿಡಿದರೆ ಮೊದಲಿನ ಕೆಂಪು ಬಣ್ಣ. ಕೆಂಪು ಹೋಗಿ ಕೆಂಪೇ ಬಂತು. ಕೊಳೆಯಲಿಲ್ಲ, ಬೂದಿಯಾಗಲಿಲ್ಲ. ‘ಮರಳುವುದೇ ತಾವೋದ ಚಲನೆ’ ಎಂದು 40ನೇ ಅಧ್ಯಾಯ ಓದಿಕೊಂಡವರಿಗೆ ಒಲೆಯ ಮೇಲೆ ಅದೇ ನಡೆದಂತೆ ಕಂಡಿತು. ಆ ಮದ್ದಿನ ಹೆಸರೇ ‘ಮರಳಿದ ಇಂಗಳಿಕ’. ಕೆ ಹುಂಗ್ (283–343) ಈ ವಿದ್ಯೆಯನ್ನು ವಿಸ್ತಾರವಾಗಿ ಬರೆದಿಟ್ಟ.

ತಪ್ಪಿದ್ದು ಎಲ್ಲಿ? ಕಾಯಿಸುವಾಗ ಏಳುವ ಪಾದರಸದ ಆವಿ ಶ್ವಾಸಕೋಶದಿಂದ ನೇರ ರಕ್ತಕ್ಕೆ ಹೋಗುತ್ತದೆ. ಜೊತೆಗೆ ಸೀಸ, ಪಾಷಾಣದ (ಆರ್ಸೆನಿಕ್) ಖನಿಜಗಳನ್ನೂ ಬೆರೆಸುತ್ತಿದ್ದರು. ಮೈಮೇಲೆ ಹುಳು ಹರಿದಂತಾದಾಗ, ಕೈಕಾಲು ಊದಿಕೊಂಡಾಗ ಅದು ವಿಷದ ಗುರುತು ಎಂದುಕೊಳ್ಳದೆ ಮದ್ದು ಹಿಡಿಯುತ್ತಿದೆ ಎಂದುಕೊಂಡು ಮುಂದುವರಿಸಿದರು. ಥಾಂಗ್ ವಂಶದ ವೂತ್ಸುಂಗ್ 846ರಲ್ಲಿ, ಅವನ ನಂತರ ಬಂದ ಶುವಾನ್‌ತ್ಸುಂಗ್ 859ರಲ್ಲಿ ಇಂಥ ಮದ್ದು ಸೇವಿಸಿಯೇ ಸತ್ತರು. ಗಂಧಕ, ಪಾಷಾಣದ ಖನಿಜ, ಪೆಟ್ಲುಪ್ಪು, ಜೇನು ಒಟ್ಟಿಗೆ ಕಾಯಿಸಿದರೆ ಬೆಂಕಿ ಹಾರಿ ಕೈ, ಮುಖ ಸುಟ್ಟು ಮನೆಯೂ ಉರಿದೀತೆಂದು ತಾವೋ ಗ್ರಂಥವೊಂದು ಎಚ್ಚರಿಸುತ್ತದೆ. ಸಿಡಿಮದ್ದಿನ ಮೊದಲ ಸುಳಿವುಗಳಲ್ಲಿ ಇದೂ ಒಂದು. ಕಾಲಕ್ರಮದಲ್ಲಿ ಪಾತ್ರೆ, ಒಲೆ, ಲೋಹಗಳೆಲ್ಲ ದೇಹದೊಳಗಿನ ಮಾತಾದವು. ವೀರ್ಯಸತ್ವ, ಛಿ, ಚೈತನ್ಯ ಈ ಮೂರನ್ನು ಧ್ಯಾನದಲ್ಲಿ ಪಕ್ವ ಮಾಡುವ ‘ಒಳ ರಸವಿದ್ಯೆ’ ಮುಂದೆ ಬಂತು, ಹೊರಗಿನ ಒಲೆ ಹಿಂದೆ ಸರಿಯಿತು.

ನಡುವಿನ ಶತಮಾನಗಳನ್ನು ಇಲ್ಲಿ ಓಡಿಸುತ್ತೇನೆ. ಇಂದು ಉಳಿದಿರುವ ಎರಡು ದೊಡ್ಡ ಶಾಖೆಗಳ ಹೆಸರು ಗೊತ್ತಿದ್ದರೆ ಸಾಕು. ಚೆಂಗ್‌ಯಿ ಶಾಖೆ ಚಾಂಗ್ ತಾವೋಲಿಂಗ್ ಪರಂಪರೆಯದು, ಅದರ ಪುರೋಹಿತರು ಸಂಸಾರಿಗಳು. ಛುವಾನ್‌ಚೆನ್ ಶಾಖೆ ವಾಂಗ್ ಛುಂಗ್‌ಯಾಂಗ್ (1113–1170) ಕಟ್ಟಿದ್ದು, ಅವರು ಮಠದಲ್ಲಿರುವ ಬ್ರಹ್ಮಚಾರಿಗಳು, ಸಸ್ಯಾಹಾರಿಗಳು. ವಾಂಗ್‌ನ ಶಿಷ್ಯ ಛಿಯು ಛೂಚಿ 1222ರಲ್ಲಿ ಹಿಂದೂಕುಶ್‌ವರೆಗೆ ಪ್ರಯಾಣ ಮಾಡಿ ಚೆಂಗೀಸ್ ಖಾನನನ್ನು ಕಂಡ. ಸಾಯದಿರುವ ಮದ್ದು ಇದೆಯೇ ಎಂದು ಖಾನ ಕೇಳಿದ್ದಕ್ಕೆ, ಆಯುಸ್ಸು ಕಾಯುವ ಬಗೆ ಇದೆ, ಸಾಯದಿರುವ ಮದ್ದು ಇಲ್ಲ ಎಂದು ಸೀದಾ ಹೇಳಿದ. ಧರ್ಮದೊಳಗಿನವರಿಗೇ ಈ ವಿವೇಕ ಇತ್ತು.

1445ರಲ್ಲಿ ಮುಗಿದ ತಾವೋ ಧರ್ಮಗ್ರಂಥಗಳ ಸಂಗ್ರಹ 5,305 ಸಂಪುಟಭಾಗಗಳದು, 1607ರಲ್ಲಿ ಇನ್ನೂ 180 ಸೇರಿದವು. ಲಾವೋತ್ಸು, ಚುವಾಂಗ್‌ತ್ಸು, ಅವರ ಮೇಲಿನ ವ್ಯಾಖ್ಯಾನಗಳು, ಮಂತ್ರ, ಯಂತ್ರ, ಅರ್ಜಿಯ ನಮೂನೆ, ವೈದ್ಯ, ವ್ಯಾಯಾಮ ಎಲ್ಲವೂ ಅದರೊಳಗಿವೆ. ಕಟ್ಟಿದವರು ಗೋಡೆ ಹಾಕಲಿಲ್ಲ.

ಹಾಗಾದರೆ ಗೋಡೆ ಹಾಕಿದ್ದು ಯಾರು? ಪೂರ್ತಿ ಹೊರಗಿನವರೇ ಎಂದರೆ ತಪ್ಪಾದೀತು. ಹಾನ್ ಕಾಲದ ಅರಮನೆ ಗ್ರಂಥಪಟ್ಟಿ ತಾವೋ ಚಿಂತಕರನ್ನು ಒಂದು ವಿಭಾಗದಲ್ಲೂ ಅಮರತ್ವದ ಸಾಧಕರನ್ನು ಇನ್ನೊಂದರಲ್ಲೂ ಇಟ್ಟಿತ್ತು. ಚೀನೀ ಭಾಷೆಯಲ್ಲಿ ‘ತಾವೋಚಿಯಾ’ ಎಂದರೆ ಪಂಥ, ‘ತಾವೋಚಿಯಾವೋ’ ಎಂದರೆ ಬೋಧೆ ಅಥವಾ ಧರ್ಮ, ಎರಡು ಪದಗಳಿವೆ. ಆದರೆ ಹಿಂದಿನವರು ಎಷ್ಟೋ ಕಡೆ ಒಂದರ ಬದಲು ಇನ್ನೊಂದನ್ನು ಬಳಸಿದ್ದಾರೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಸಾಡಿದವರು ಬೇರೆ. ಮೊದಲು ಹೇಳಿದ ಹ್ಯೂಯೆನ್ ತ್ಸಾಂಗ್ ಕಥೆಯ ಕೊನೆ ಇಲ್ಲಿಗೆ ಸೇರುತ್ತದೆ. ಗ್ರಂಥದ ಜೊತೆಗೆ ಪ್ರಸ್ತಾವನೆಯನ್ನೂ ಅನುವಾದಿಸಿ ಎಂದು ತಾವೋ ಪಂಡಿತರು ಕೇಳಿದರು. ಹಲ್ಲು ಕಟಕಟಿಸಿ ಎಂಜಲು ನುಂಗುವ ಸಾಧನೆಯ ಮಾತು ಅದರಲ್ಲಿದೆ, ಒರಟು, ಹೊರಗೆ ಕಳಿಸಿದರೆ ನಗೆಪಾಟಲು ಎಂದು ಅವನು ನಿರಾಕರಿಸಿದ. 1281ರಲ್ಲಿ ಕುಬ್ಲಾಯ್ ಖಾನ್ ಬೌದ್ಧರ ದೂರಿನ ಮೇಲೆ ತಾವೋ ಗ್ರಂಥಗಳನ್ನು ಸುಡಲು ಆಜ್ಞೆ ಮಾಡಿದಾಗ ಉಳಿಸಿದ್ದು ತಾವೋ ತೆ ಚಿಂಗ್ ಒಂದನ್ನೇ. 19ನೇ ಶತಮಾನದ ಕ್ರೈಸ್ತ ಮಿಷನರಿ ವಿದ್ವಾಂಸರು ಮಾಡಿದ್ದೂ ಅದೇ, ಪುಸ್ತಕಕ್ಕೆ ಗೌರವ, ಗುಡಿಗೆ ತಿರಸ್ಕಾರ. ನಮ್ಮ ಲೇಖನಗಳಿಗೆ ಈ ತೀರ್ಪು ಬಂದಿರುವುದು ಅವರ ಇಂಗ್ಲಿಷ್ ಪುಸ್ತಕಗಳಿಂದ. ಯಾರ ಕಣ್ಣಿನಿಂದ ನೋಡುತ್ತಿದ್ದೇವೆ ಎಂಬುದನ್ನಾದರೂ ಲೇಖಕರು ಹೇಳಬೇಕಿತ್ತು.

ಕೊನೆಯದಾಗಿ, ಲೇಖನದ ಪಕ್ಕದ ಚೌಕದಲ್ಲಿ ದೊಡ್ಡಕ್ಷರದಲ್ಲಿ ಹಾಕಿದ್ದ ಮಾತು: ‘ಸಾವಿರ ಮೈಲಿಯ ಪ್ರಯಾಣ ಒಂದು ಹೆಜ್ಜೆಯಿಂದ ಆರಂಭ’. ಇದು 64ನೇ ಅಧ್ಯಾಯದ್ದು, ನಕಲಿಯಲ್ಲ. ಆದರೆ ಮೂಲದಲ್ಲಿ ಮೈಲಿ ಇಲ್ಲ, ‘ಲಿ’ ಇದೆ. ಹಾನ್ ಕಾಲದ ಒಂದು ಲಿ ಸುಮಾರು 415 ಮೀಟರ್, ಸಾವಿರ ಲಿ ಎಂದರೆ 400 ಕಿಲೋಮೀಟರ್ ಚಿಲ್ಲರೆ. ಹೆಜ್ಜೆಯೂ ಇಲ್ಲ. ‘ಸಾವಿರ ಲಿ ದಾರಿ ಶುರುವಾಗುವುದು ಕಾಲಡಿಯಲ್ಲಿ’ ಎಂದಿದೆ. ಮಾವಾಂಗ್‌ದುಯಿ ರೇಷ್ಮೆ ಪ್ರತಿಯಲ್ಲಂತೂ ಪ್ರಯಾಣವೇ ಇಲ್ಲ. ಅಲ್ಲಿರುವುದು ನೂರಾಳೆತ್ತರ: ‘ಅಷ್ಟು ಎತ್ತರ ಶುರುವಾಗುವುದು ಕಾಲಡಿಯಲ್ಲಿ’. ಹಿಂದಿನ ಎರಡು ಸಾಲು ನೋಡಿದರೆ ಇದೇ ಸರಿ ಎನಿಸುತ್ತದೆ. ತೋಳಿಗೆ ಸಿಗದಷ್ಟು ದಪ್ಪದ ಮರ ಎಳೆ ಚಿಗುರಿನಿಂದ, ಒಂಬತ್ತು ಅಂತಸ್ತಿನ ಗೋಪುರ ಒಂದು ಬುಟ್ಟಿ ಮಣ್ಣಿನಿಂದ, ಆಮೇಲೆ ಈ ಎತ್ತರ. ಮೂರೂ ಮೇಲೇರುವ ಚಿತ್ರಗಳೇ.

ಲಾವೋತ್ಸು ಹೆಸರಿನಲ್ಲಿ ಓಡಾಡುವ ಮಾತುಗಳಲ್ಲಿ ಎಷ್ಟೋ ಅವನವಲ್ಲ. ಪರೀಕ್ಷಿಸುವುದು ಕಷ್ಟವೇನಲ್ಲ. ಇಡೀ ಗ್ರಂಥ 81 ಚಿಕ್ಕ ಅಧ್ಯಾಯಗಳು, ಒಂದು ಸಂಜೆಯಲ್ಲಿ ಓದಿ ಮುಗಿಯುತ್ತದೆ. ಮುಂದೆ ಅವನ ಮಾತು ಅಚ್ಚು ಮಾಡುವಾಗ ಪಕ್ಕದಲ್ಲಿ ಅಧ್ಯಾಯದ ಸಂಖ್ಯೆ ಹಾಕಿಸಿ. ಸಂಖ್ಯೆ ಸಿಗದಿದ್ದರೆ ಆ ಚೌಕವನ್ನು ಕೈಬಿಡಿ. ಚಾಂಗ್ ತಾವೋಲಿಂಗ್ ಬಗ್ಗೆ ಒಂದು ಲೇಖನ ಬರೆಸುವುದಕ್ಕೆ ಆ ಜಾಗ ಬೇಕಾಗುತ್ತದೆ.

ಇತಿ,
ನಿಮ್ಮ ಪತ್ರಿಕೆಯ ಓದುಗ